ಕಾವಲಿನ ಗುತ್ತಿಗೆ: ಸೋತವನು ಕೇಳಬಹುದಾದ ಪ್ರಶ್ನೆ

ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ, ವಿಶ್ವವಿದ್ಯಾಲಯದ ಗೇಟಿನಲ್ಲಿ, ಬ್ಯಾಂಕಿನ ಮೆಟ್ಟಿಲ ಬಳಿ ಸಮವಸ್ತ್ರ ತೊಟ್ಟು ನಿಂತಿರುವ ಕಾವಲುಗಾರರನ್ನು ನೀವು ದಿನವೂ ನೋಡುತ್ತೀರಿ. ಅವರು ಆಯಾ ಸಂಸ್ಥೆಯ ನೌಕರರೇ ಇರಬೇಕೆಂದು ಭಾವಿಸಿರಲೂಬಹುದು. ಆದರೆ ತೋಳಿನ ಮೇಲಿನ ಬಿಲ್ಲೆಯನ್ನು ಗಮನಿಸಿದರೆ ಬಹಳಷ್ಟು ಕಡೆ ಅಲ್ಲಿ ಯಾವುದೋ ಖಾಸಗಿ ಏಜೆನ್ಸಿಯ ಹೆಸರು ಕಾಣುತ್ತದೆ. ಸರ್ಕಾರಿ ಸಂಸ್ಥೆ ಹಣ ಕೊಡುತ್ತದೆ, ಏಜೆನ್ಸಿ ಆಳುಗಳನ್ನು ಒದಗಿಸುತ್ತದೆ. ಇವೆರಡರ ನಡುವೆ ಇರುವ ಕಾಗದವೇ ಗುತ್ತಿಗೆ.

ಈ ಗುತ್ತಿಗೆಯನ್ನು ಯಾರಿಗೆ ಕೊಡಬೇಕು? ಅದನ್ನು ನಿರ್ಧರಿಸಲು ಟೆಂಡರು ಕರೆಯುತ್ತಾರೆ. ಹತ್ತು ಏಜೆನ್ಸಿಗಳು ಸ್ಪರ್ಧಿಸಿದರೆ ಒಂದು ಗೆಲ್ಲುತ್ತದೆ, ಒಂಬತ್ತು ಸೋಲುತ್ತವೆ. ಸೋತವರಲ್ಲಿ ಒಬ್ಬರು "ಇದು ಸರಿಯಾದ ಆಯ್ಕೆಯಲ್ಲ" ಎಂದು ಎದ್ದು ನಿಂತರೆ ಆ ಮಾತನ್ನು ಕೇಳುವವರು ಯಾರು? ಕೇಳಿದರೂ ಎಷ್ಟರ ಮಟ್ಟಿಗೆ? ಇದು ವ್ಯಾಪಾರಿಗಳ ಜಗಳ, ನಮಗೇಕೆ ಎಂದು ತಳ್ಳಿಹಾಕುವಂತಿಲ್ಲ. ಗುತ್ತಿಗೆಗೆ ಹೋಗುವ ಹಣ ಸಾರ್ವಜನಿಕರದು. ಗೇಟಿನಲ್ಲಿ ನಿಲ್ಲುವವನ ಸಂಬಳ ಆ ಗುತ್ತಿಗೆಯ ಒಳಗೇ ಅಡಗಿದೆ.

ಕಾವಲಿನ ಟೆಂಡರು ಬೇರೆ ಟೆಂಡರಿನಂತಲ್ಲ

ಟೆಂಡರಿನಲ್ಲಿ ಸಾಮಾನ್ಯವಾಗಿ ಎರಡು ಲಕೋಟೆಗಳಿರುತ್ತವೆ. ಮೊದಲನೆಯದು ಅರ್ಹತೆಯದು: ಪರವಾನಗಿ ಇದೆಯೇ, ಅನುಭವ ಎಷ್ಟು, ತೆರಿಗೆ ಮತ್ತು ಭವಿಷ್ಯ ನಿಧಿಯ ನೋಂದಣಿ ಸರಿಯಾಗಿದೆಯೇ ಎಂಬ ವಿವರಗಳು ಅದರಲ್ಲಿರುತ್ತವೆ. ಎರಡನೆಯದು ದರದ್ದು. ಮೊದಲನೆಯದರಲ್ಲಿ ಉತ್ತೀರ್ಣರಾದವರ ಎರಡನೆಯ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಈಗ ಇದೆಲ್ಲ ಗಣಕಯಂತ್ರದ ಮೂಲಕ ನಡೆಯುತ್ತದೆಯಾದರೂ ತತ್ವ ಹಳೆಯದೇ.

ಕಾವಲು ಸೇವೆಗೆ ಪರವಾನಗಿ ಎಂಬುದು ಕೇವಲ ಔಪಚಾರಿಕತೆಯಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಬಂದದ್ದು 2005ರಲ್ಲಿ. ಅದರ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಈ ವ್ಯವಹಾರ ನಡೆಸುವಂತಿಲ್ಲ. ಅದರಡಿ 2006ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳು ಹೊಸ ಕಾವಲುಗಾರನಿಗೆ 100 ಗಂಟೆಗಳ ಪಾಠ ಮತ್ತು 60 ಗಂಟೆಗಳ ಕ್ಷೇತ್ರ ತರಬೇತಿಯನ್ನು ಹೇಳಿದ್ದವು. ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ತಿಳಿಯದವನನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದರೆ ಅಪಾಯ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ದರದ ವಿಷಯ. ರಸ್ತೆ ಕಟ್ಟುವವನು ಜಾಣತನದಿಂದ ಖರ್ಚು ತಗ್ಗಿಸಬಹುದು. ಕಾವಲಿನ ಏಜೆನ್ಸಿಗೆ ಆ ಅವಕಾಶ ಬಹಳ ಕಡಿಮೆ. ಅದರ ಖರ್ಚಿನ ಬಹುಪಾಲು ಸಂಬಳ, ಸಂಬಳದ ಕೆಳಮಿತಿಯನ್ನು ಕಾನೂನೇ ನಿಗದಿಪಡಿಸುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಕಾವಲುಗಾರನ ತಿಂಗಳ ಕನಿಷ್ಠ ವೇತನ 15,000 ರೂಪಾಯಿ ಎಂದು ಇಟ್ಟುಕೊಳ್ಳಿ. ಮಾಲೀಕನ ಪಾಲಿನ ಭವಿಷ್ಯ ನಿಧಿ ಶೇಕಡಾ 12ರಂತೆ 1,800 ರೂಪಾಯಿ. ಕಾರ್ಮಿಕರ ರಾಜ್ಯ ವಿಮೆ ಶೇಕಡಾ 3.25ರಂತೆ 487 ರೂಪಾಯಿ 50 ಪೈಸೆ. ಸಮವಸ್ತ್ರ, ಬದಲಿ ಆಳು, ಇತರ ಸಣ್ಣ ಶುಲ್ಕಗಳನ್ನು ಬಿಟ್ಟರೂ ಒಟ್ಟು 17,287 ರೂಪಾಯಿ 50 ಪೈಸೆ ಆಯಿತು.

ಈಗ ಒಂದು ಏಜೆನ್ಸಿ ತಲೆಗೆ 16,500 ರೂಪಾಯಿಗೆ ಆಳು ಒದಗಿಸುತ್ತೇನೆ ಎನ್ನುತ್ತದೆ. ಎಲ್ಲರಿಗಿಂತ ಕಡಿಮೆ ದರ, ಆದ್ದರಿಂದ ಅದೇ ಗೆಲ್ಲುತ್ತದೆ ಎಂದುಕೊಳ್ಳಿ. ತಲೆಗೆ 787 ರೂಪಾಯಿ 50 ಪೈಸೆ ಕೊರತೆ. ನೂರು ಕಾವಲುಗಾರರಿಗೆ ತಿಂಗಳಿಗೆ 78,750 ರೂಪಾಯಿ, ವರ್ಷಕ್ಕೆ 9,45,000 ರೂಪಾಯಿ. ಏಜೆನ್ಸಿ ಧರ್ಮಕ್ಕೆ ನಡೆಯುವುದಿಲ್ಲ. ಈ ಹಣ ಎಲ್ಲಿಂದಲೋ ಬರಲೇಬೇಕು. ನೂರರ ಬದಲು ತೊಂಬತ್ತು ಜನರನ್ನು ನಿಲ್ಲಿಸಬಹುದು, ಎಂಟು ಗಂಟೆಯ ಬದಲು ಹನ್ನೆರಡು ಗಂಟೆ ದುಡಿಸಬಹುದು, ಭವಿಷ್ಯ ನಿಧಿಯನ್ನು ಕಟ್ಟದೆ ಉಳಿಸಿಕೊಳ್ಳಬಹುದು. ಯಾವ ದಾರಿ ಹಿಡಿದರೂ ಅದರ ಭಾರ ಬೀಳುವುದು ಗೇಟಿನಲ್ಲಿ ನಿಂತವನ ಮೇಲೆ. ಏಜೆನ್ಸಿ ಸಂಬಳ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು ಎಂಬ ತತ್ವ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬಂತು. 2020ರ ಹೊಸ ಸಂಹಿತೆಯಲ್ಲೂ ಉಳಿದಿದೆ. ಅಂದರೆ ಅಗ್ಗವಾಗಿ ಕೊಂಡ ಸೇವೆಗೆ ಸರ್ಕಾರ ಎರಡು ಸಲ ಹಣ ತೆರಬೇಕಾದ ಪ್ರಸಂಗವೂ ಬರಬಹುದು.

ಇಲ್ಲಿ ನಿಯಮ ಪಾಲಿಸಿ 17,600 ರೂಪಾಯಿ ದರ ಬರೆದು ಸೋತ ಏಜೆನ್ಸಿಯೊಂದು ದೂರು ಕೊಟ್ಟರೆ ಅದು ತನ್ನ ಲಾಭಕ್ಕಾಗಿಯೇ ಕೊಡುತ್ತದೆ, ನಿಜ. ಆದರೆ ಆ ದೂರಿನ ಜೊತೆಯಲ್ಲೇ ನೂರು ಕಾವಲುಗಾರರ ಸಂಬಳದ ಪ್ರಶ್ನೆಯೂ ಬಯಲಿಗೆ ಬರುತ್ತದೆ.

ಕೊಳ್ಳುವವನು ಸರ್ಕಾರವಾದರೆ

ನಿಮ್ಮ ಊರಿನ ಅಂಗಡಿಯವನು ತನ್ನ ಗೋದಾಮಿಗೆ ಭಾವಮೈದುನನನ್ನು ಕಾವಲಿಗೆ ಇಟ್ಟರೆ ಯಾರೂ ಪ್ರಶ್ನಿಸುವಂತಿಲ್ಲ. ಹಣ ಅವನದು, ನಷ್ಟವೂ ಅವನದು. ಸರ್ಕಾರ ಹಾಗೆ ಮಾಡಲಾಗದು. ಸಂವಿಧಾನದ 14ನೆಯ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. ಈ ಮಾತು ಶಿಕ್ಷೆಗೆ ಮಾತ್ರವಲ್ಲ, ಸರ್ಕಾರ ಹಂಚುವ ಲಾಭಕ್ಕೂ ಅನ್ವಯಿಸುತ್ತದೆ ಎಂಬುದನ್ನು ನಮ್ಮ ದೇಶಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಒಂದು ಉಪಾಹಾರ ಗೃಹದ ಪ್ರಕರಣ. ಕಾವಲಿನ ಗುತ್ತಿಗೆಯ ವ್ಯಾಜ್ಯಗಳಿಗೂ ಅದೇ ತಳಹದಿಯಾದ್ದರಿಂದ ಅದನ್ನು ತುಸು ವಿವರವಾಗಿ ನೋಡೋಣ.

1977ರ ಜನವರಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಮುಂಬಯಿ ನಿಲ್ದಾಣದಲ್ಲಿ ಎರಡನೆಯ ದರ್ಜೆಯ ಒಂದು ಉಪಾಹಾರ ಗೃಹ ಮತ್ತು ಎರಡು ತಿಂಡಿ ಅಂಗಡಿಗಳನ್ನು ಮೂರು ವರ್ಷ ನಡೆಸಲು ಟೆಂಡರು ಕರೆಯಿತು. ಟೆಂಡರು ಹಾಕುವವರು ಐದು ವರ್ಷಗಳ ಅನುಭವವುಳ್ಳ, ಎರಡನೆಯ ದರ್ಜೆಯ ನೋಂದಾಯಿತ ಹೋಟೆಲುದಾರರಾಗಿರಬೇಕು ಎಂದು ಪ್ರಕಟಣೆಯಲ್ಲೇ ಹೇಳಿತ್ತು. ಆರು ಟೆಂಡರುಗಳು ಬಂದವು. ತಿಂಗಳಿಗೆ 6,666 ರೂಪಾಯಿ 66 ಪೈಸೆ ಶುಲ್ಕ ಕೊಡುವೆನೆಂದವರ ಟೆಂಡರನ್ನು ಏಪ್ರಿಲ್‌ನಲ್ಲಿ ಒಪ್ಪಿಕೊಂಡರು. ಅವರಿಗೆ ಕ್ಯಾಂಟೀನು ನಡೆಸಿದ ಹತ್ತು ವರ್ಷಗಳ ಅನುಭವವಿತ್ತು. ಆದರೆ ಎರಡನೆಯ ದರ್ಜೆಯ ನೋಂದಾಯಿತ ಹೋಟೆಲುದಾರರಾಗಿರಲಿಲ್ಲ.

ಇದನ್ನು ಪ್ರಶ್ನಿಸಿದವರು ರಮಣ ದಯಾರಾಮ್ ಶೆಟ್ಟಿ. ಅವರು ಟೆಂಡರನ್ನೇ ಹಾಕಿರಲಿಲ್ಲ! ಅವರ ವಾದ ಇಷ್ಟು: ನನಗೂ ಆ ಅರ್ಹತೆ ಇಲ್ಲ, ಪ್ರಕಟಣೆ ಓದಿ ಸುಮ್ಮನಾದೆ, ಅರ್ಹತೆ ಇಲ್ಲದಿದ್ದರೂ ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನೂ ಹಾಕುತ್ತಿದ್ದೆ. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಸೋತು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1979ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರು ಬರೆದ ತೀರ್ಪು ಬಂತು.

ತೀರ್ಪಿನಲ್ಲಿ ಎರಡು ಭಾಗಗಳಿವೆ, ಎರಡನ್ನೂ ನೆನಪಿಡಬೇಕು. ತತ್ವದ ಭಾಗದಲ್ಲಿ ಶೆಟ್ಟಿಯವರು ಗೆದ್ದರು. ಪ್ರಾಧಿಕಾರವು ಸಂವಿಧಾನದ ಅರ್ಥದಲ್ಲಿ 'ರಾಜ್ಯ'ವೇ ಹೌದು. ತಾನೇ ಹಾಕಿದ ಷರತ್ತಿಗೆ ತಾನು ಬದ್ಧವಾಗಿರಬೇಕು. ಒಬ್ಬರಿಗಾಗಿ ಅದನ್ನು ಸಡಿಲಿಸಿದರೆ, ಆ ಷರತ್ತನ್ನು ನಂಬಿ ಹೊರಗೆ ಉಳಿದ ಉಳಿದೆಲ್ಲರಿಗೂ ಅಸಮಾನತೆ ಆದಂತೆ ಎಂದು ನ್ಯಾಯಾಲಯ ಹೇಳಿತು. ಪರಿಹಾರದ ಭಾಗದಲ್ಲಿ ಶೆಟ್ಟಿಯವರು ಸೋತರು. ಟೆಂಡರು ಒಪ್ಪಿಕೊಂಡು ಐದು ತಿಂಗಳಿಗೂ ಹೆಚ್ಚು ಕಾಲವಾದ ಮೇಲೆ ಅವರು ಅರ್ಜಿ ಹಾಕಿದ್ದರು. ಅಷ್ಟರಲ್ಲಿ ಗೆದ್ದವರು ಸುಮಾರು 1,25,000 ರೂಪಾಯಿ ಖರ್ಚು ಮಾಡಿದ್ದರು. ಅರ್ಜಿದಾರರಿಗೆ ಸ್ವಂತ ಆಸಕ್ತಿ ಇಲ್ಲ, ಹಳೆಯ ಗುತ್ತಿಗೆದಾರನ ಪರವಾಗಿ ಬಂದಿದ್ದಾರೆ ಎಂದೂ ನ್ಯಾಯಾಲಯಕ್ಕೆ ಕಂಡಿತು. ಗುತ್ತಿಗೆ ರದ್ದಾಗಲಿಲ್ಲ.

ತಪ್ಪು ನಡೆದದ್ದು ನಿಜ ಎಂದು ಸಾಬೀತಾದರೂ ತಡಮಾಡಿದವನ ಕೈಗೆ ಫಲ ಸಿಗಲಿಲ್ಲ ಎಂಬುದನ್ನು ಗಮನಿಸಿ.

ನ್ಯಾಯಾಲಯ ಏನನ್ನು ನೋಡುತ್ತದೆ?

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುತ್ತಾರೆ. ನ್ಯಾಯಾಲಯವು ಟೆಂಡರುಗಳನ್ನು ಮತ್ತೆ ತೂಗಿ "ಇವನಿಗಿಂತ ಅವನು ಉತ್ತಮ" ಎಂದು ತೀರ್ಮಾನಿಸುತ್ತದೆ ಎಂದು ಭಾವಿಸುವುದು ತಪ್ಪು. ಮುಂಬಯಿ, ದೆಹಲಿ, ಕಲ್ಕತ್ತ, ಮದ್ರಾಸು ನಗರಗಳ ಮೊಬೈಲ್ ದೂರವಾಣಿ ಪರವಾನಗಿಗಳ ವ್ಯಾಜ್ಯದಲ್ಲಿ, ಟಾಟಾ ಸೆಲ್ಯುಲಾರ್ ಪ್ರಕರಣವೆಂದು ಹೆಸರಾದ 1994ರ ತೀರ್ಪಿನಲ್ಲಿ, ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿತು. ಆ ಪೀಠದ ಅಧ್ಯಕ್ಷತೆ ವಹಿಸಿದ್ದವರು ಬೆಂಗಳೂರಿನವರೇ ಆದ ಮುಖ್ಯ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ನ್ಯಾಯಾಲಯ ಪರಿಶೀಲಿಸುವುದು ನಿರ್ಧಾರವನ್ನಲ್ಲ, ನಿರ್ಧಾರಕ್ಕೆ ಬಂದ ದಾರಿಯನ್ನು. ಆ ದಾರಿಯಲ್ಲಿ ಕಾನೂನು ಮೀರಿದ್ದಾರೆಯೇ, ವಿವೇಕವಿರುವ ಯಾರೂ ಮಾಡಲಾಗದಂಥ ಅಸಂಗತ ತೀರ್ಮಾನ ಮಾಡಿದ್ದಾರೆಯೇ, ಪಾಲಿಸಬೇಕಾದ ಕ್ರಮವನ್ನು ಬಿಟ್ಟಿದ್ದಾರೆಯೇ ಎಂಬುದೇ ಪ್ರಶ್ನೆ.

2006ರ ಡಿಸೆಂಬರಿನಲ್ಲಿ ಒರಿಸ್ಸಾದ ಕಾಮಗಾರಿಗಳ ಕುರಿತ ಜಗದೀಶ್ ಮಂಡಲ್ ಪ್ರಕರಣದಲ್ಲಿ, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಈ ಪರೀಕ್ಷೆಯನ್ನು ಎರಡು ಪ್ರಶ್ನೆಗಳಿಗೆ ಇಳಿಸಿದರು. ನಿರ್ಧಾರದ ಹಿಂದೆ ದುರುದ್ದೇಶ ಅಥವಾ ಪಕ್ಷಪಾತ ಇದೆಯೇ, ಇಲ್ಲವೆ ಅದು ಯಾವ ಜವಾಬ್ದಾರಿಯುತ ಅಧಿಕಾರಿಯೂ ಮಾಡದಷ್ಟು ಮನಬಂದಂತೆ ಇದೆಯೇ? ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಿದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ನ್ಯಾಯಾಲಯ ಕೈಹಾಕಬಾರದು.

ಕಾವಲಿನ ಗುತ್ತಿಗೆಗೆ ಇದನ್ನು ಹೊಂದಿಸಿ ನೋಡೋಣ. "ನಮ್ಮ ಕಾವಲುಗಾರರು ಅವರಿಗಿಂತ ಚುರುಕು" ಎಂದು ವಾದಿಸಿದರೆ ಅರ್ಜಿ ನಿಲ್ಲುವುದಿಲ್ಲ. ಅದು ಅಧಿಕಾರಿಗಳು ತೂಗಬೇಕಾದ ವಿಷಯ. "ಕೊನೆಯ ದಿನಾಂಕದೊಳಗೆ ಪರವಾನಗಿ ಇರಬೇಕೆಂದು ಷರತ್ತಿತ್ತು, ಗೆದ್ದವರಿಗೆ ಅಂದು ಪರವಾನಗಿ ಇರಲಿಲ್ಲ" ಎಂದರೆ ನ್ಯಾಯಾಲಯ ಕಿವಿಗೊಡುತ್ತದೆ. "ಅವರ ದರ ಬಹಳ ಕಡಿಮೆ" ಎಂದಷ್ಟೇ ಹೇಳಿದರೆ ಸಾಲದು. "ಕನಿಷ್ಠ ವೇತನಕ್ಕಿಂತ ಕೆಳಗಿನ ದರವನ್ನು ತಿರಸ್ಕರಿಸಲಾಗುವುದು ಎಂದು ಟೆಂಡರಿನಲ್ಲೇ ಬರೆದಿದೆ, ಆದರೂ ಅಂಥ ದರವನ್ನು ಒಪ್ಪಿಕೊಂಡಿದ್ದಾರೆ" ಎಂದು ಲೆಕ್ಕ ಸಹಿತ ತೋರಿಸಿದರೆ ಅದು ಬೇರೆ ಮಾತು. ಸೋತವನಿಗೆ ಗುತ್ತಿಗೆಯ ಮೇಲೆ ಹಕ್ಕಿಲ್ಲ. ತನ್ನನ್ನು ಎಲ್ಲರಂತೆ ಅದೇ ಅಳತೆಗೋಲಿನಲ್ಲಿ ಅಳೆಯಬೇಕೆಂಬ ಹಕ್ಕು ಮಾತ್ರ ಇದೆ.

ಎಲ್ಲಿಗೆ ಹೋಗಬೇಕು, ಎಷ್ಟು ಬೇಗ?

ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಇದೆ. ಅದರ ವ್ಯಾಪ್ತಿಗೆ ಬರುವ ಟೆಂಡರಿನಲ್ಲಿ ಅನ್ಯಾಯವಾಗಿದೆ ಎನಿಸಿದವರು 16ನೆಯ ಪ್ರಕರಣದ ಪ್ರಕಾರ, ಆದೇಶ ಕೈಸೇರಿದ 30 ದಿನಗಳೊಳಗೆ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇದಲ್ಲದೆ ಸಂವಿಧಾನದ 226ನೆಯ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕುವ ದಾರಿಯಿದೆ. ಆದರೆ ಮೇಲ್ಮನವಿಯ ಮೆಟ್ಟಿಲು ಇರುವಾಗ ಅದನ್ನು ಏಕೆ ಹತ್ತಲಿಲ್ಲ ಎಂದು ನ್ಯಾಯಾಲಯ ಕೇಳುವುದು ಸಹಜ. ಕಡತದಲ್ಲಿ ಏನಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯೂ ನೆರವಿಗೆ ಬರುತ್ತದೆ. ಅಲ್ಲಿ ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಅವಕಾಶವಿರುವುದರಿಂದ ಅದನ್ನೇ ಕಾಯುತ್ತ ಕುಳಿತರೆ ಮೇಲ್ಮನವಿಯ ಗಡುವು ಕಳೆದುಹೋಗಬಹುದು.

ನೀವು ಕೇಳಬಹುದು: ನ್ಯಾಯಾಲಯಗಳು ಇಷ್ಟು ಹಿಂದೇಟು ಹಾಕುವುದೇಕೆ? ಆಸ್ಪತ್ರೆಗೆ ಕಾವಲು ಇಂದೇ ಬೇಕು, ವ್ಯಾಜ್ಯ ಮುಗಿಯುವ ತನಕ ಬಾಗಿಲು ತೆರೆದಿಡಲಾಗದು. ಹೊಸ ಗುತ್ತಿಗೆಗೆ ತಡೆಯಾಜ್ಞೆ ಬಂದರೆ ಹಳೆಯ ಗುತ್ತಿಗೆದಾರನಿಗೇ ಅವಧಿ ವಿಸ್ತರಿಸುತ್ತಾರೆ. ಹಳೆಯ ಗುತ್ತಿಗೆದಾರನೇ ಸೋತ ಅರ್ಜಿದಾರನಾಗಿದ್ದರೆ? ವ್ಯಾಜ್ಯ ಎಷ್ಟು ಎಳೆದರೆ ಅವನಿಗೆ ಅಷ್ಟು ಲಾಭ. ಹೀಗೆ ಪ್ರಶ್ನಿಸುವ ಹಕ್ಕೇ ದುರುಪಯೋಗವಾಗುವ ಸಾಧ್ಯತೆಯೂ ಉಂಟು.

ದೂರದ ಒಂದು ನಿದರ್ಶನ

ಈ ತೊಡಕನ್ನು ಬೇರೆ ದೇಶಗಳು ಹೇಗೆ ನಿಭಾಯಿಸುತ್ತವೆ? ಅಮೆರಿಕದಲ್ಲಿ ಇದಕ್ಕೆ ಹಳೆಯದೊಂದು ಏರ್ಪಾಡಿದೆ. 1921ರಲ್ಲಿ ಸ್ಥಾಪನೆಯಾದ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಸೇರಿದ ಲೆಕ್ಕ ಪರಿಶೋಧನಾ ಕಚೇರಿಯೇ ಟೆಂಡರಿನ ತಕರಾರುಗಳನ್ನೂ ಆಲಿಸುತ್ತದೆ. ತಕರಾರಿನ ಕಾರಣ ತಿಳಿದ 10 ದಿನಗಳೊಳಗೆ ದೂರು ಕೊಡಬೇಕು. ಕಚೇರಿ 100 ದಿನಗಳೊಳಗೆ ತೀರ್ಮಾನಿಸಬೇಕು. 1984ರ ಕಾಯ್ದೆಯ ಪ್ರಕಾರ ಸಕಾಲದಲ್ಲಿ ದೂರು ಬಂದರೆ ಗುತ್ತಿಗೆಯ ಕೆಲಸ ತಾನಾಗಿಯೇ ತಡೆಹಿಡಿಯಲ್ಪಡುತ್ತದೆ. ತುರ್ತು ಅಗತ್ಯವಿದ್ದರೆ ಇಲಾಖೆ ಕಾರಣ ಬರೆದು ಮುಂದುವರಿಯಬಹುದು. ದೂರೂ ಬೇಗ, ತೀರ್ಪೂ ಬೇಗ.

ಈ ಕಚೇರಿಯ ಮುಂದೆ 2004ರಲ್ಲಿ ಬಂದದ್ದು ಒಂದು ದೊಡ್ಡ ಕಾವಲಿನ ಗುತ್ತಿಗೆ. ಇರಾಕಿನಲ್ಲಿ ಪುನರ್ನಿರ್ಮಾಣದ ಕೆಲಸಕ್ಕೆ ಭದ್ರತೆ ಒದಗಿಸಲು ಅಮೆರಿಕದ ಸೈನ್ಯವು ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಏಜಿಸ್ ಕಂಪನಿಗೆ 29 ಕೋಟಿ 30 ಲಕ್ಷ ಡಾಲರುಗಳ ಗುತ್ತಿಗೆ ಕೊಟ್ಟಿತು. ಏಜಿಸ್ ಸ್ಥಾಪನೆಯಾಗಿ ಆಗ ಎರಡೇ ವರ್ಷ. ಸೋತವರಲ್ಲಿ ಅಮೆರಿಕದ್ದೇ ಆದ ಡೈನ್‌ಕಾರ್ಪ್ ಕಂಪನಿ ತಕರಾರು ಎತ್ತಿತು. ಸೆಪ್ಟೆಂಬರಿನಲ್ಲಿ ತಕರಾರು ತಿರಸ್ಕೃತವಾಯಿತು. ಡೈನ್‌ಕಾರ್ಪಿನ ಪ್ರಸ್ತಾವ ಕೊನೆಯ ಸುತ್ತಿನ ಸ್ಪರ್ಧೆಗೇ ಆಯ್ಕೆಯಾಗಿರಲಿಲ್ಲ. ಹಾಗೆ ಹೊರಗಿಟ್ಟದ್ದು ನ್ಯಾಯಸಮ್ಮತವೇ ಎಂದು ಕಚೇರಿಗೆ ಕಂಡಿತು. ಗುತ್ತಿಗೆ ಸಿಗುವ ನಿಜವಾದ ಅವಕಾಶವೇ ಇಲ್ಲದವನು ಗೆದ್ದವನ ಯೋಗ್ಯತೆಯನ್ನು ಪ್ರಶ್ನಿಸಲಾರ ಎಂಬುದು ಅಲ್ಲಿನ ನಿಯಮ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2005ರ ಏಪ್ರಿಲ್‌ನಲ್ಲಿ ಇರಾಕ್ ಪುನರ್ನಿರ್ಮಾಣದ ಮೇಲೆ ಕಣ್ಣಿಡಲು ನೇಮಕವಾಗಿದ್ದ ಅಮೆರಿಕದ ವಿಶೇಷ ತಪಾಸಣಾಧಿಕಾರಿಯ ವರದಿ ಬಂತು. ಏಜಿಸ್ ಗುತ್ತಿಗೆಯ ಷರತ್ತುಗಳನ್ನು ಪೂರ್ತಿಯಾಗಿ ಪಾಲಿಸಿಲ್ಲ. ನೌಕರರಿಗೆ ಆಯುಧ ಬಳಕೆಯ ಅರ್ಹತೆ ಇದೆ ಎಂಬುದಕ್ಕೂ ಇರಾಕಿ ನೌಕರರ ಹಿನ್ನೆಲೆಯನ್ನು ವಿಚಾರಿಸಲಾಗಿದೆ ಎಂಬುದಕ್ಕೂ ಸಾಕಷ್ಟು ದಾಖಲೆಗಳಿಲ್ಲ ಎಂದು ಅದು ಹೇಳಿತು.

ಹಾಗಾದರೆ ತಕರಾರನ್ನು ತಳ್ಳಿಹಾಕಿದ್ದು ತಪ್ಪೇ? ಅಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಆಯ್ಕೆ ಕ್ರಮಬದ್ಧವಾಗಿತ್ತೇ ಎಂಬುದು ಒಂದು. ಆಯ್ಕೆಯಾದವನು ಒಪ್ಪಿಕೊಂಡಂತೆ ಕೆಲಸ ಮಾಡುತ್ತಿದ್ದಾನೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಸೋತ ಸ್ಪರ್ಧಿ ಕೇಳಬಹುದು. ಎರಡನೆಯದನ್ನು ಗುತ್ತಿಗೆ ನಡೆಯುವಷ್ಟು ದಿನವೂ ಲೆಕ್ಕ ಪರಿಶೋಧಕರು, ಕಾರ್ಮಿಕ ಇಲಾಖೆ, ಕೊನೆಗೆ ನಾಗರಿಕರೂ ಕೇಳುತ್ತಿರಬೇಕು.

ನಮಗೆ ಉಳಿಯುವ ಪಾಠ

ಮುಂಬಯಿಯ ಪ್ರಕರಣ, ಇರಾಕಿನ ಪ್ರಕರಣ ಎರಡರಲ್ಲೂ ಪ್ರಶ್ನಿಸಿದವನಿಗೆ ಗುತ್ತಿಗೆ ಸಿಗಲಿಲ್ಲ. ಆದರೂ ಪ್ರಶ್ನೆ ವ್ಯರ್ಥವಾಗಲಿಲ್ಲ. ಒಬ್ಬನ ಸೋತ ಅರ್ಜಿಯಿಂದ 'ಸರ್ಕಾರ ತನ್ನ ಷರತ್ತಿಗೆ ತಾನೇ ಬದ್ಧ' ಎಂಬ ನಿಯಮ ದೇಶಕ್ಕೆ ದಕ್ಕಿತು. ಪ್ರಶ್ನೆ ಬರಬಹುದೆಂಬ ಅರಿವಿದ್ದಾಗ ಅಧಿಕಾರಿ ಕಡತದಲ್ಲಿ ಕಾರಣ ಬರೆಯುತ್ತಾನೆ, ಅಂಕಗಳನ್ನು ಕೂಡಿಸಿ ತೋರಿಸುತ್ತಾನೆ, ಪರವಾನಗಿಯ ದಿನಾಂಕವನ್ನು ಮತ್ತೊಮ್ಮೆ ನೋಡುತ್ತಾನೆ. ಪ್ರಶ್ನಿಸುವ ಹಕ್ಕಿನ ದೊಡ್ಡ ಪ್ರಯೋಜನ ನ್ಯಾಯಾಲಯದ ತನಕ ಹೋಗದ ನೂರಾರು ಟೆಂಡರುಗಳಲ್ಲಿದೆ. ಅಲ್ಲಿ ಷರತ್ತು ಸರಿಯಾಗಿ ಪಾಲನೆಯಾದರೆ ಗೇಟಿನಲ್ಲಿ ನಿಂತವನಿಗೆ ತಿಂಗಳ ಕೊನೆಗೆ ಪೂರ್ತಿ ಸಂಬಳ ಕೈಗೆ ಬರುತ್ತದೆ.

ತರಗತಿಯಲ್ಲಿ ಚರ್ಚಿಸಲು

1. ಕಡಿಮೆ ದರಕ್ಕೇ ಗುತ್ತಿಗೆ ಕೊಡಬೇಕೆಂಬ ನಿಯಮ ಕಾವಲು ಸೇವೆಗೆ ಸೂಕ್ತವೇ? ಬೇರೆ ಯಾವ ಅಳತೆಗೋಲು ಇಡಬಹುದು?

2. ಟೆಂಡರನ್ನೇ ಹಾಕದವನು ಅದನ್ನು ಪ್ರಶ್ನಿಸಬಹುದೇ? 1979ರ ಪ್ರಕರಣವನ್ನು ಇಟ್ಟುಕೊಂಡು ವಾದಿಸಿ.

3. ದೂರು ಬಂದ ಕೂಡಲೇ ಗುತ್ತಿಗೆಯನ್ನು ತಡೆಹಿಡಿಯುವ ಅಮೆರಿಕದ ಕ್ರಮ ನಮ್ಮಲ್ಲಿ ಬಂದರೆ ಆಗುವ ಒಳಿತು, ಕೆಡುಕುಗಳೇನು?

4. ನಿಮ್ಮ ಶಾಲೆ ಅಥವಾ ಕಾಲೇಜಿನ ಕಾವಲಿನ ಗುತ್ತಿಗೆಯ ಟೆಂಡರು ಪ್ರಕಟಣೆ ಸಿಕ್ಕರೆ ಅದರಲ್ಲಿ ವೇತನ ಮತ್ತು ತರಬೇತಿಯ ಬಗ್ಗೆ ಯಾವ ಷರತ್ತುಗಳಿವೆ ಎಂದು ಓದಿ ನೋಡಿ.